ಚೆಲ್ಲೋಗೆ ಬಿಟ್ಟ ಖಾಲಿ ಅರ್ಧ ಪುಟ

ಆಲ್ಟೆನ್‌ಫೂರ್ತ್, ಸಾಲೆ ನದಿಯ ದಡ
ಭಾನುವಾರ, ೧೯ ಮಾರ್ಚ್ ೧೮೪೩

ಪ್ರೀತಿಯ ಸೋದರಳಿಯ ಅಲ್ವಿನ್‌ಗೆ,

ಗುರುವಾರ ಸಂಜೆ ನಿನ್ನ ಮಾವ ಚೆಲ್ಲೋ ನುಡಿಸುವಾಗ ಸಾಲೆ ನದಿ ಹರಿಯುವುದನ್ನು ನಿಲ್ಲಿಸಿ ಕೇಳಿತು. ಮೀನುಗಳು ತಲೆ ಎತ್ತಿದ್ದವು. ಊರೆಲ್ಲ ಸಾಕ್ಷಿ, ಆದರೆ ಯಾರನ್ನೂ ಕೇಳಲು ಹೋಗಬೇಡ. ಅದಿರಲಿ, ನಿನ್ನ ಕೆಮ್ಮು ಹೇಗಿದೆ? ಅತ್ತೆ ಕಳಿಸಿದ ಹೆಬ್ಬಾತಿನ ಕೊಬ್ಬು ಎದೆಗೆ ಹಚ್ಚಿಕೊಳ್ಳಲು. ನೀನು ಅದನ್ನು ಬ್ರೆಡ್ಡಿಗೆ ಸವರಿ ತಿಂದು ಮುಗಿಸಿದ್ದೀ ಎಂದು ನನ್ನ ಅನುಮಾನ. ನಾವಿಬ್ಬರೂ ಚೆನ್ನಾಗಿದ್ದೇವೆ, ನನ್ನ ಮಂಡಿಯೊಂದನ್ನು ಬಿಟ್ಟು.

ನೀನು ಬರೆದ ನಾಲ್ಕು ವಾದ್ಯಗಳ ಕೃತಿ, ನಾಲ್ಕು ಜನಕ್ಕೆ ಬೇರೆಬೇರೆ ಹಾಳೆಗಳಲ್ಲಿ, ಬಂದು ಸೇರಿತು. ಜೊತೆಗೆ ನಿನ್ನ ಕಾಗದವೂ. ನಡುವಿನ ನಿಧಾನದ ಭಾಗದಲ್ಲಿ ಚೆಲ್ಲೋ ಅರ್ಧ ಪುಟ ಸುಮ್ಮನೆ ಕೂರುವುದು ಲೈಪ್‌ಜಿಗ್‌ನ ಆ ಪ್ರಕಾಶಕನಿಗೆ ಹಿಡಿಸಿಲ್ಲ, ಮನೆಯಲ್ಲಿ ನುಡಿಸುವವರು ಕೈಕಟ್ಟಿ ಕೂರಲು ದುಡ್ಡು ಕೊಟ್ಟು ಹಾಳೆ ಕೊಳ್ಳುವುದಿಲ್ಲ, ಅದನ್ನು ತುಂಬಿಸಿದರೆ ಮಾತ್ರ ಅಚ್ಚು ಹಾಕುತ್ತೇನೆ ಎನ್ನುತ್ತಾನೆ, ಅಲ್ಲವೆ? ಅಚ್ಚಾಗದಿದ್ದರೆ ಶರತ್ಕಾಲಕ್ಕೆ ನೀನು ಊರಿಗೆ ಬಂದು ಚರ್ಚಿನ ಆರ್ಗನ್ ನುಡಿಸುವ ಕೆಲಸ ಹಿಡಿಯಬೇಕು. "ನೀವು ನುಡಿಸಿ ನೋಡಿ, ಮಾವ. ನೀವು ಹೇಳಿದ ಹಾಗೇ ಮಾಡ್ತೀನಿ" ಎಂದು ಬರೆದಿದ್ದೀ. ಆ ಪ್ರಕಾಶಕನ ಮೇಲೆ ನನಗೆ ನಂಬಿಕೆಯಿಲ್ಲ. ಹಾಗೆಂದು ನನಗೆ ಇಲ್ಲಿ ಯಾರ ಮೇಲಿದೆ?

ಗುರುವಾರ ಎಂದಿನಂತೆ ಔಷಧಿ ಅಂಗಡಿಯ ಕ್ನೌಟ್ ಮನೆಯಲ್ಲಿ ಸೇರಿದೆವು. ಅವನು ಮೊದಲ ಪಿಟೀಲು, ಬೇಕರಿಯವನು ಎರಡನೆಯದು, ಶಾಲೆಯ ಮೇಷ್ಟ್ರು ವಿಯೋಲಾ. ನಿಧಾನದ ಭಾಗ ಬಂತು. ನನ್ನ ಹಾಳೆಯಲ್ಲಿ ಖಾಲಿ ಎಂದು ನೀನು ಹೇಳಿದ ಕಡೆ ಸಾಸಿವೆ ಕಾಳಿನಂಥ ಸಣ್ಣ ಸ್ವರಗಳಿದ್ದವು. ಹುಡುಗ ಮಾವನ ಮೇಲಿನ ಪ್ರೀತಿಗೆ ಆಗಲೇ ತುಂಬಿಸಿದ್ದಾನೆ, ಕಾಗದ ಉಳಿಸಲು ಚಿಕ್ಕದಾಗಿ ಬರೆದಿದ್ದಾನೆ ಎಂದುಕೊಂಡು ನಾನು ಕಮಾನು ಒತ್ತಿ, ಕಿಟಕಿ ಗಾಜು ನಡುಗುವಂತೆ ನುಡಿಸಿದೆ. ಕ್ನೌಟ್ ಪಿಟೀಲು ಕೆಳಗಿಳಿಸಿದ. "ಲೇ ಗೊಟ್‌ಹೆಲ್ಫ್, ಅದು ನುಡಿಸೋಕಲ್ಲಯ್ಯಾ, ಕೇಳೋಕೆ! ಅವು ಮೇಷ್ಟ್ರ ಸ್ವರ, ಅವ್ರು ಎಲ್ಲಿದಾರೆ ಅಂತ ನಿಂಗೆ ಗೊತ್ತಾಗ್ಲಿ, ಆಮೇಲೆ ಸರಿಯಾಗಿ ಸೇರ್ಕೋ ಅಂತ ಬರ್ದಿರೋದು."

ನನಗೆ ಆಗಲೇ ವಾಸನೆ ಹತ್ತಿತು. ಅಂಚೆಯ ಗಂಟು ಮೊದಲು ಇಳಿಯುವುದು ಅವನ ಅಂಗಡಿಯಲ್ಲೇ. ನಮ್ಮ ಹುಡುಗನ ಹೆಸರು ಅಚ್ಚಿನಲ್ಲಿ ಬರುತ್ತದೆ ಎಂದಾಗಿನಿಂದ ಅವನ ಮುಖ ಕಷಾಯ ಕುಡಿದವನಂತಿದೆ. ನನ್ನ ಹಾಳೆ ತೆಗೆದು ಬೇರೆಯದನ್ನು ಇಟ್ಟಿದ್ದಾನೆ ಎಂದೆ, ಅವನ ಮುಖದ ಮೇಲೇ. "ಕಟ್ಟು ಬಾಜಿ" ಎಂದ. ಕಟ್ಟಿದೆ. ಮೇಷ್ಟ್ರ ಹಾಳೆ ಕಿತ್ತುಕೊಂಡು ನೋಡಿದರೆ ಅವೇ ಸ್ವರಗಳು, ದಪ್ಪಗೆ, ನಿನ್ನದೇ ಕೈಬರಹ. ಬೇಕರಿಯವನು ನಗುತ್ತ ಬಗ್ಗಿ ಹೋದ. ಆಗ ನನ್ನ ಅನುಮಾನ ನಿನ್ನ ಮೇಲೆ ತಿರುಗಿತು. ಪಟ್ಟಣ ಸೇರಿದವನು ಮಾವನ ಬಾಯಿ ಮುಚ್ಚಿಸಿದ, ಅವನಿಗೆ ನಮ್ಮ ಮೇಲೆ ನಾಚಿಕೆ ಬಂದಿದೆ ಎಂದುಕೊಂಡೆ.

ಮತ್ತೆ ಮೊದಲಿಂದ ನುಡಿಸಿದೆವು. ಈ ಸಲ ಕಮಾನು ತೊಡೆಯ ಮೇಲಿಟ್ಟು ಸುಮ್ಮನೆ ಕೂತೆ, ಕೋಪಕ್ಕೆ. ವಿಯೋಲಾ ಒಂದು ಎತ್ತರದ ಸ್ವರ ಹಿಡಿದು ಕೆಳಗಿಳಿಯಿತು. ಸ್ವಲ್ಪ ತಡೆದು ಮತ್ತೆ ಅದೇ. ಮೂರನೆಯ ಸಲ ಕೇಳುವಾಗ ನನ್ನ ಮಂಡಿ ತಾನಾಗಿ ಏಳಲು ಹೊರಟಿತು. ಅಲ್ವಿನ್, ಅದು ಆಚೆ ದಡದಿಂದ ದೋಣಿಗೆ ಕೂಗುವ ಕೂಗು! ಪಾಠ ಮುಗಿಸಿ, ಪಿಟೀಲನ್ನು ಕೋಟಿನೊಳಗೆ ಅಪ್ಪಿಕೊಂಡು, "ಹೋ... ಲಾ" ಎಂದು ನೀನು ಕೂಗುತ್ತಿದ್ದದ್ದು. ನಾನಿಲ್ಲಿ ಪ್ಲಮ್ ಹಣ್ಣಿನ ಕೇಕು ಮುಗಿಸಿಯೇ ಏಳುತ್ತಿದ್ದೆ. ಕೂಗಿದ ಕೂಡಲೇ ಏಳುವ ದೋಣಿಯವನಿಗೆ ಯಾರು ಬೆಲೆ ಕೊಡುತ್ತಾರೆ? ಖಾಲಿ ಮುಗಿದ ಮೇಲೆ ಚೆಲ್ಲೋಗೆ ನೀನು ಬರೆದ ತಗ್ಗಿನ ಎರಡು ಸ್ವರ ನಾನು ನುಡಿಸಿದೆ. "ಬಂದೇ..." ಎಂದು ಇಲ್ಲಿಂದ ನಾನು ಹೇಳುತ್ತಿದ್ದ ಹಾಗೇ ಇತ್ತು. ಬೇರೆ ಯಾರಿಗೂ ತಿಳಿಯಲಿಲ್ಲ. ಕ್ನೌಟ್ ಮಾತ್ರ "ಯಾಕಯ್ಯಾ, ಕಣ್ಣಿಗೆ ಕಮಾನಿನ ರಾಳದ ಪುಡಿ ಬಿತ್ತಾ?" ಎಂದ. ಹೌದು, ಬಿತ್ತು ಎಂದೆ. ಕಳ್ಳಾ, ಇದು ಪ್ರೀತಿಯೋ ಅಣಕವೋ ಎಂದು ನನಗೆ ಈಗಲೂ ಅನುಮಾನವಿದೆ.

ಅತ್ತೆ ರೋಸಿನೆ ಬಾಗಿಲಲ್ಲಿ ನಿಂತು, "ದೇವರು ಕಾಪಾಡ್ಲಿ ಅಂತ ಬರೀರಿ, ಬರೀ ನಿಮ್ಮ ಬಡಾಯೇ ಬರೀಬೇಡಿ" ಎನ್ನುತ್ತಿದ್ದಾಳೆ. ಬರೆದೆ. ದೇವರು ನಿನ್ನನ್ನೂ ನಿನ್ನ ಎದೆಯನ್ನೂ ಕಾಪಾಡಲಿ.

ನಿನ್ನ ಮಾವ,
ಗೊಟ್‌ಹೆಲ್ಫ್ ಸೆಲ್‌ಮಾನ್

ಮರೆತೆ, ಅಂಚೆ ಗಾಡಿ ನಿಂತಿದೆ: ಅರ್ಧ ಪುಟ ತುಂಬಿಸಬೇಡ. ಒಂದು ಸ್ವರವನ್ನೂ ಹಾಕಬೇಡ. ಪ್ರಕಾಶಕ ಒಲ್ಲೆ ಎಂದರೆ ಇನ್ನೊಬ್ಬನ ಬಾಗಿಲು ತಟ್ಟು. ಯಾರೂ ತೆಗೆಯದಿದ್ದರೆ ಊರಿಗೆ ಬಾ, ಆರ್ಗನ್ ನುಡಿಸು, ಆಚೆ ದಡದಿಂದ ಕೂಗು. ಆದರೂ ತುಂಬಿಸಬೇಡ. ಇನ್ನು ಬಾಜಿಯ ಮಾತು. ಅತ್ತೆಗೆ ಅರ್ಧ ಟಾಲರ್ ಹೋಯಿತೆಂದು ಹೇಳಿದ್ದೇನೆ. ನೀನೂ ಹಾಗೇ ಹೇಳು. ನಿಜಕ್ಕೆ ದೋಣಿಗೆ ಹೊಸ ಹಗ್ಗ ತರಲು ಇಟ್ಟ ದುಡ್ಡಷ್ಟೂ ಹೋಯಿತು. ಆರು ಟಾಲರ್.