ಹಳಿಯ ಪಕ್ಕದ ಬಾವಿ

ಏಪ್ರಿಲ್ 9, 2020, ಗುರುವಾರ

ಮತ್ತೆ ಅದೇ ತಿರುವಿನಲ್ಲಿ ಬಿತ್ತು. ಬೆಳಗಿನಿಂದ ಎಷ್ಟನೇ ಸಲವೋ, ಲೆಕ್ಕ ಬಿಟ್ಟೆ. ಇಂಜಿನ್ ದಾಟುತ್ತದೆ, ಮೊದಲ ಬೋಗಿ ದಾಟುತ್ತದೆ, ಎರಡನೆಯದು ಕುಡಿದವನ ಹಾಗೆ ಹೊರಳಿ ಬೀಳುತ್ತದೆ. ಹಳಿ ಕಿತ್ತು, ಅಡಿಗೆ ರಟ್ಟು ಕೊಟ್ಟು, ಮತ್ತೆ ಮೊಳೆ ಬಡಿದೆ. ಬಿಟ್ಟೆ. ಬಿತ್ತು.

ಅಂಗಡಿ ಮುಚ್ಚಿ ಎರಡು ವಾರ ದಾಟಿತು. ಮಾಗಡಿ ರಸ್ತೆಯಲ್ಲಿ ಪ್ಲೈವುಡ್ ಮಾರುವವನು ವಿಜಯನಗರದ ಮನೆಯಲ್ಲಿ ಕೂತು ಏನು ಮಾಡಬೇಕು? ಷಟರ್ ಎಳೆಯುವ ದಿನ ಎರಡು ಶೀಟು ಪ್ಲೈ, ಒಂದು ಡಬ್ಬ ಗಮ್ ಹೊತ್ತು ತಂದಿದ್ದೆ. ಅಟ್ಟದ ಮೇಲೆ ಆಟದ ರೈಲಿನ ಪೆಟ್ಟಿಗೆ ಇತ್ತು — ಹಳೆಯ ಗಿರಾಕಿಯೊಬ್ಬರು ಮನೆ ಖಾಲಿ ಮಾಡುವಾಗ ಕೊಟ್ಟುಹೋದದ್ದು. ಫಾರಿನ್ನಿನದು. ಕರೆಂಟಿನಲ್ಲಿ ಓಡುತ್ತದೆ.

ಎಲ್ಲಿ ಓಡಿಸುವುದು ಎಂದು ಯೋಚಿಸಬೇಕಾಗಲಿಲ್ಲ. ಜ್ಞಾನಭಾರತಿ ದಾಟಿ ಕೆಂಗೇರಿಗೆ ಹೋಗುವಾಗ ಮೈಸೂರು ಲೈನು ನಮ್ಮ ಹೊಲದ ಅಂಚಿನಲ್ಲೇ ಹೋಗುತ್ತಿತ್ತು. ಆ ಹೊಲ, ಹುಣಸೆಮರ, ಬಾವಿ, ಹಳಿ. ನಾನು ಹೈಸ್ಕೂಲಿನಲ್ಲಿದ್ದಾಗ ಹೇಗಿತ್ತೋ ಹಾಗೆ, ಪ್ಲೈ ಹಲಗೆಯ ಮೇಲೆ ಪುಟ್ಟದಾಗಿ. ಇಂಜಿನ್ ಹೊಗೆ ಬಿಡುತ್ತಿದ್ದ ಕಾಲ. ಅಪ್ಪ ಇದ್ದ ಕಾಲ.

ಹೆಂಡತಿ ಕುಸುಮಾ ಬಾಗಿಲಲ್ಲಿ ನಿಂತಳು.

"ರೀ, ಪಾತ್ರೆ ಉಜ್ಜೋ ಹಸಿರು ಸ್ಕ್ರಬ್ಬರ್ ಎಲ್ಲಿ?"

ಹಲಗೆಯ ಮೇಲಿನ ಹುಣಸೆಮರ ತೋರಿಸಿದೆ; ಸ್ಕ್ರಬ್ಬರ್ ಅದರ ಎಲೆಯಾಗಿತ್ತು. ಮರವನ್ನು ಒಮ್ಮೆ ಹಿಚುಕಿ ನೋಡಿ ಒಳಗೆ ಹೋದಳು. ಬೈದಿದ್ದರೆ ವಾಸಿಯಿತ್ತು.

ಏಪ್ರಿಲ್ 12, ಭಾನುವಾರ

ಹಳಿಯ ಕೆಳಗೆ ಜಲ್ಲಿ ಬೇಕು. ಎಲ್ಲಿಂದ ತರಲಿ? ಹಾಲು ತರಲು ಹೋದರೂ ಪೊಲೀಸರು ಲಾಠಿ ಆಡಿಸುತ್ತಾರೆ. ಅಡುಗೆಮನೆಯಲ್ಲಿ ರಾಗಿ ಕಂಡಿತು. ಅಳತೆಗೆ ಸರಿಯಾಗಿದೆ, ಬಣ್ಣವೂ ಸುಮಾರು ಹೊಂದುತ್ತದೆ. ಸುರಿದೆ. ಮೇಲೆ ಗಮ್ಮಿನ ನೀರು ಚಿಮುಕಿಸಿದೆ.

"ತಿನ್ನೋ ರಾಗೀನ ಹಳಿಗೆ ಹಾಕ್ತೀರಲ್ಲ, ನಿಮ್ಮಮ್ಮ ಇದ್ದಿದ್ರೆ ಬೆನ್ನಿಗೆ ಕೊಡೋರು!" ಇದು ಕುಸುಮಾ.

"ಅಪ್ಪಾ, ಮೀಟಿಂಗ್ ಇದೆ, ಸುತ್ತಿಗೆ ನಿಲ್ಸು. ನಮ್ಮ ಮ್ಯಾನೇಜರ್ 'ಮನೆ ಕಟ್ಟಿಸ್ತಾ ಇದೀರಾ' ಅಂತ ಕೇಳ್ತಿದಾರೆ." ಇದು ಮಗಳು ಮಾನಸ. ಭಾನುವಾರವೂ ಮೀಟಿಂಗಂತೆ.

ಸುತ್ತಿಗೆ ನಿಲ್ಲಿಸಿದೆ. ತಿರುವು ಹಾಗೇ ಇದೆ.

ಏಪ್ರಿಲ್ 14

ಲಾಕ್‌ಡೌನ್ ಮೇ ಮೂರರವರೆಗೆ ಮುಂದಕ್ಕೆ ಹೋಯಿತು.

ಬಾವಿ ಮಾಡಿದೆ. ಮಾತ್ರೆ ಡಬ್ಬಿಯ ಮುಚ್ಚಳ, ಸುತ್ತ ಒಡೆದ ಹೂಕುಂಡದ ಚೂರು. ಚೆನ್ನಾಗಿದೆ. ಆದರೆ ಎಲ್ಲಿಡುವುದು? ಹುಣಸೆಮರಕ್ಕೆ ಈಚೆಗೋ ಆಚೆಗೋ? ಆ ಮರ ಈಗಿಲ್ಲ. ನೆನಪಿಲ್ಲ. ಅದು ಗೊತ್ತಿರುವುದು ಒಬ್ಬನಿಗೇ. ಅಣ್ಣ ಹನುಮಂತಯ್ಯನಿಗೆ.

ಅವನಿಗೂ ನನಗೂ ನಾಲ್ಕು ವರ್ಷದಿಂದ ಮಾತಿಲ್ಲ. ಹೊಲ ಪಾಲಾದ ದಿನ ಸರ್ವೆಯವರು ಕಲ್ಲು ನೆಟ್ಟರು, ಬಾವಿ ನನ್ನ ಕಡೆಗೆ ಬಂತು. ಬಾವಿ ಎಂದರೆ ಬಾವಿಯೂ ಅಲ್ಲ — ಮುಚ್ಚಿ ಎಷ್ಟೋ ವರ್ಷವಾಯಿತು, ಮೇಲೆ ಈಗ ಟೆಂಪೋ ನಿಲ್ಲಿಸುತ್ತಾರೆ. ಅವತ್ತು ಅಣ್ಣ ಟವೆಲ್ ಕೊಡವಿ ಎದ್ದು ಹೋದವನು ಹೋದ ಹಾಗೆಯೇ. ಅಕ್ಕನ ಮೊಮ್ಮಗುವಿನ ನಾಮಕರಣದಲ್ಲಿ ಎದುರುಬದುರು ಎಲೆಗೆ ಕೂತಿದ್ದೆವು. ಉಪ್ಪು ಬೇಕಾಯಿತು ಅವನಿಗೆ. ಉಪ್ಪಿನ ಬಟ್ಟಲು ನನ್ನ ಮುಂದೆಯೇ ಇತ್ತು. ಆ ತುದಿಯಲ್ಲಿದ್ದ ಬಡಿಸುವವನನ್ನು ಕೂಗಿ ಕರೆದ.

ಅಕ್ಕನ ಕೈಯಲ್ಲಿ ಕೇಳಿಸಬೇಕು. ಬಾವಿಯ ನೆಪದಲ್ಲಾದರೂ ಅವನ ಬಾಯಿಂದ ನನಗೆ ಒಂದು ಮಾತು ಬಂದರೆ ಸಾಕು.

ಏಪ್ರಿಲ್ 16

ಬ್ಯಾಡರಹಳ್ಳಿಯಿಂದ ಮುನಿತಾಯಮ್ಮಕ್ಕನ ಫೋನ್.

"ಕೇಳ್ದೆ ಕಣೋ. 'ಬಾವಿ ಇಟ್ಕೊಂಡೋನು ಅವನು, ಎಲ್ಲಿತ್ತು ಅಂತ ನನ್ನ ಕೇಳ್ತಾನಾ?' ಅಂದ ಅಣ್ಣಯ್ಯ."

"ಅಷ್ಟೇನಾ?"

"ಅಷ್ಟೇ. ಆಮೇಲೆ ಫೋನ್ ಇಡೋವಾಗ, ಸಂಜೆ ಹೊತ್ತು ಹುಣಸೆಮರದ ನೆರಳು ಬಾವಿ ಕಟ್ಟೆ ಮೇಲೆ ಬೀಳ್ತಿತ್ತು ಅಂದ. ಯಾರಿಗಂದನೋ, ನನಗಂತೂ ಅಲ್ಲ."

ಸಂಜೆಯ ನೆರಳು. ಹಾಗಾದರೆ ಬಾವಿ ಮರದ ಪೂರ್ವಕ್ಕೆ. ನಾನು ಪಶ್ಚಿಮಕ್ಕೆ ಅಂಟಿಸಿ ಕೂತಿದ್ದೆ! ಚಾಕುವಿನಿಂದ ಎಬ್ಬಿಸಿ ಆಚೆಗೆ ಇಟ್ಟೆ. ಎಬ್ಬಿಸುವಾಗ ಹೊಲವೂ ಒಂದಿಷ್ಟು ಎದ್ದು ಬಂತು.

ಏಪ್ರಿಲ್ 19, ಭಾನುವಾರ

ಮಾನಸ ಹೇಳದೆ ಕೇಳದೆ ವಿಡಿಯೋ ಮಾಡಿ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದ್ದಾಳೆ. ಎಲ್ಲರೂ ಹೆಬ್ಬೆರಳು ಎತ್ತಿದರು. ಆ ಗ್ರೂಪಿನಲ್ಲಿ ಅಣ್ಣನೂ ಇದ್ದಾನೆ. ಕಷಾಯದ ಫಾರ್ವರ್ಡ್ ಬಿಟ್ಟು ಬೇರೇನೂ ಹಾಕಿದವನಲ್ಲ. ಇವತ್ತು ಬರೆದ.

"ಬದು ಎಲ್ಲಿ"

ಅಷ್ಟೇ. ಯಾರಿಗೆ ಎಂದಿಲ್ಲ. ಹತ್ತು ನಿಮಿಷಕ್ಕೆ ಅಕ್ಕನ ಫೋನ್.

"ಏನೋ ಮಾಡಿಟ್ಟಿದೀಯಾ? ಅಣ್ಣಯ್ಯ ಕುಣೀತಾ ಇದಾನೆ. ಇಬ್ಬರ ಪಾಲಿನ ಮಧ್ಯೆ ಬದು ಇಲ್ದೆ ಎಲ್ಲಾ ಒಂದೇ ಮಾಡಿ ತೋರಿಸಿದೀಯಂತೆ, ಇದನ್ನ ಹಿಡ್ಕೊಂಡು ನೀನು ಲಾಯರ್ ಹತ್ರ ಹೋಗ್ತೀಯಂತೆ."

"ಅಕ್ಕಾ, ಇದು ಎಪ್ಪತ್ತೆಂಟನೇ ಇಸವಿ! ಅಪ್ಪ ಬದುಕಿದಾನೆ ಇದರಲ್ಲಿ! ಅಪ್ಪ ಇರೋವಾಗ ನಮ್ಮಿಬ್ಬರ ಮಧ್ಯೆ ಬದು ಎಲ್ಲಿಂದ ಬರುತ್ತೆ?"

"ಅದನ್ನ ಅವನಿಗೆ ಹೇಳು."

"ಅವನು ಮಾತಾಡಿದ್ರೆ ತಾನೇ ಹೇಳೋದು!"

ಆಟದ ಸಾಮಾನು ಹಿಡಿದು ಕೋರ್ಟಿಗೆ ಹೋಗುವವನ ಹಾಗೆ ಕಾಣುತ್ತೇನೆಯೇ ನಾನು?

ಏಪ್ರಿಲ್ 20

ಹಾಳಾಗಿ ಹೋಗಲಿ ಎಂದು ಹಸಿರು ಉಲ್ಲನ್ ದಾರ ಎಳೆದು ಬದು ಹಾಕಿದೆ. ಫೋಟೊ ಹಾಕಿದೆ.

ಅಕ್ಕ: "ಬದು ದಪ್ಪ ಆಯ್ತಂತೆ. ದಪ್ಪದಲ್ಲೇ ನೀನು ಅವನ ಪಾಲಿನ ಎರಡಡಿ ಹೊಡ್ದಿದೀಯ ಅಂತಾನೆ."

ಏಪ್ರಿಲ್ 21

ದಾರ ಕಿತ್ತು ಹೊಲಿಗೆ ದಾರ ಹಾಕಿದೆ. ಫೋಟೊದಲ್ಲಿ ಕಾಣಲಿಲ್ಲವಂತೆ. ಬೇಕೆಂದೇ ಕಾಣದ ಹಾಗೆ ಹಾಕಿದೆನಂತೆ. ಸಿಟ್ಟಿನಲ್ಲಿ ಅದನ್ನೂ ಕಿತ್ತೆ. ಎಪ್ಪತ್ತೆಂಟು ಎಂದರೆ ಎಪ್ಪತ್ತೆಂಟು. ಬದು ಇಲ್ಲ. ಗ್ರೂಪಿನಲ್ಲಿ ಹಾಗೆಯೇ ಬರೆದೆ.

ಸಂಜೆ ನೋಡಿದರೆ — 'ಹನುಮಂತಯ್ಯ ಗ್ರೂಪ್ ಬಿಟ್ಟಿದ್ದಾರೆ.'

ಆ ಕಷಾಯವೂ ಹೋಯಿತು. ಒಂದು ಮಾತು ಬೇಕೆಂದು ಹೊರಟವನು ಇದ್ದ ಎಳೆಯನ್ನೂ ಕಡಿದುಕೊಂಡೆ.

ಏಪ್ರಿಲ್ 24

ರೈಲು ನಡುದಾರಿಯಲ್ಲಿ ನಿಲ್ಲುತ್ತಿದೆ. ಗಾಲಿ ಉಜ್ಜಿದೆ, ವೈರು ನೋಡಿದೆ, ಏನೂ ಇಲ್ಲ. ಕನ್ನಡಕ ಹಾಕಿಕೊಂಡು ಬಗ್ಗಿದರೆ ರಾಗಿ ಮೊಳೆತಿದೆ. ದಿನಾ ಗಮ್ಮಿನ ನೀರು ಕುಡಿದು ಹಳಿಯುದ್ದಕ್ಕೂ ಹಸಿರು ಎದ್ದಿದೆ. ಕುಸುಮಾ ನೋಡಿ ನಗುತ್ತಾ ಕೂತುಬಿಟ್ಟಳು. ಬಾಯಿಗೆ ಸೆರಗು ಇಟ್ಟುಕೊಂಡು, ಕಣ್ಣಲ್ಲಿ ನೀರು.

"ಕಟಾವಿಗೆ ಆಳು ಬೇಕಾದ್ರೆ ಹೇಳಿ."

ಪೂರ್ತಿ ಕೆರೆದು ತೆಗೆಯಬೇಕು. ಇವತ್ತು ಬೇಡ. ಈ ವಾರವೇ ಬೇಡ.

ಮೇ 10, ಭಾನುವಾರ

ಬರೆದು ಎಷ್ಟು ದಿನವಾಯಿತೋ. ಅಂಗಡಿಯ ಷಟರ್ ಅರ್ಧ ಎತ್ತಿದ್ದೇನೆ, ಗಿರಾಕಿಗಳಿಲ್ಲ. ಸಂಜೆ ಬಂದು ಹಳಿ ಕೆರೆದೆ, ಅಕ್ವೇರಿಯಂ ಕಲ್ಲು ಹಾಕಿದೆ, ತಿರುವನ್ನು ಅಗಲ ಮಾಡಿದೆ. ಇವತ್ತು ಮೊದಲ ಬಾರಿಗೆ ರೈಲು ಬೀಳದೆ ಸುತ್ತು ಬಂತು. ನೋಡಲು ಯಾರೂ ಇರಲಿಲ್ಲ. ಮಾನಸ ಮೀಟಿಂಗಿನಲ್ಲಿ, ಕುಸುಮಾ ಟೆರೇಸಿನಲ್ಲಿ.

ಅಕ್ಕನಿಗೆ ವಿಡಿಯೋ ಕಳಿಸಿದೆ. ಫೋನ್ ಮಾಡಿದಳು. ಹೊಗಳುತ್ತಾಳೆ ಎಂದುಕೊಂಡೆ.

"ಅವನ ಬದು, ನಿನ್ನ ಬಾವಿ. ಆ ಹೊಲದಲ್ಲಿ ನಾನೂ ಎಮ್ಮೆ ಮೇಯಿಸಿದೀನಿ. ನಾನೆಲ್ಲೋ ಇದರಲ್ಲಿ? ಒಂದು ಎಮ್ಮೆನಾದ್ರೂ ಇಟ್ಟಿದೀಯಾ?"

ಹಲಗೆ ಪೂರ್ತಿ ಹುಡುಕಿದೆ, ಒಂದು ಬಾಲವೂ ಇರಲಿಲ್ಲ.

"ಇನ್ಮೇಲೆ ನಿಮ್ಮಿಬ್ಬರ ಮಾತು ನಾನು ಹೊರಲ್ಲ. ಅಣ್ಣಯ್ಯಂಗೂ ಹೇಳಿದೀನಿ. ಬೇಕಾದ್ರೆ ಹೋಗಿ ಕಣ್ಣಲ್ಲಿ ನೋಡ್ಕೊಂಡು ಬಾ, ನನ್ನ ತಲೆ ತಿನ್ಬೇಡ ಅಂತ."

ಫೋನ್ ಇಟ್ಟಳು. ಎಮ್ಮೆ ಮಾಡಲು ಕೂತೆ. ಹಂದಿಯ ಹಾಗೆ ಬಂದಿದೆ.

ಮೇ 16, ಶನಿವಾರ, ಸಂಜೆ

ಕೈ ಇನ್ನೂ ಸೋಪಿನ ವಾಸನೆ. ಕ್ರಮವಾಗಿ ಬರೆಯಬೇಕು.

ಹನ್ನೊಂದರ ಹೊತ್ತಿಗೆ ಗೇಟಿನ ಹತ್ತಿರ ಸ್ಕೂಟರ್ ನಿಂತಿತು. ಅಣ್ಣ. ಮಾಸ್ಕು ಗದ್ದದ ಮೇಲೆ, ಹೆಗಲ ಮೇಲೆ ಟವೆಲ್. ನಾಯಂಡಹಳ್ಳಿಯಲ್ಲಿ ಪೊಲೀಸರಿಗೆ ಬಿಪಿ ಮಾತ್ರೆ ತರಲು ಎಂದು ಹೇಳಿ ಬಂದನಂತೆ. ಇದನ್ನು ಅವನು ಹೇಳಿದ್ದು ಕುಸುಮಾಗೆ. ಗೇಟು ತೆಗೆದವನು ನಾನು. ನನ್ನ ಭುಜದ ಮೇಲಿಂದ ಒಳಗೆ ನೋಡಿ, "ಕುಸುಮಾ, ಕೈ ತೊಳೆಯೋಕೆ ಸೋಪು ಕೊಡಮ್ಮ" ಎಂದ.

ರೂಮಿಗೆ ಬಂದ. ಹಲಗೆಯ ಸುತ್ತ ಒಂದು ಸುತ್ತು ಹಾಕಿದ. ಜೇಬಿನಿಂದ ಅಳತೆಯ ಟೇಪು ತೆಗೆದ. ಟೇಪು! ಆಟದ ಹೊಲಕ್ಕೆ!

"ಕುಸುಮಾ, ಹಳಿಯಿಂದ ಬಾವಿಗೆ ಎಷ್ಟು ಬಿಟ್ಟಿದಾನೆ ಕೇಳಮ್ಮ."

"ಇಲ್ಲೇ ಇದಾರಲ್ಲ ಭಾವ, ನೀವೇ ಕೇಳಿ."

"ನೀನು ಕೇಳಮ್ಮ."

ಕುಸುಮಾ ನನ್ನ ಕಡೆ ತಿರುಗಿದಳು. "ಎಷ್ಟು ಬಿಟ್ಟಿದೀರಂತೆ?"

"ಒಂದು ಗೇಣು."

"ಒಂದು ಗೇಣಂತೆ ಭಾವ."

"ಕೇಳಿಸ್ತು. ನನಗೇನು ಕಿವುಡಾ?"

ಹೀಗೇ ನಡೆಯಿತು. ಮರ ಯಾಕೆ ಗಿಡ್ಡ. ಇಂಜಿನ್ನಿಗೆ ಯಾಕೆ ಕೆಂಪು ಬಣ್ಣ. ಆ ಹಂದಿ ಯಾರದು. ಎಲ್ಲವೂ ಕುಸುಮಾಳ ಮೂಲಕ ಹೋಗಿ ಕುಸುಮಾಳ ಮೂಲಕ ಬಂತು. ಕೊನೆಗೆ ಕುಸುಮಾ ಎರಡೂ ಕೈ ಎತ್ತಿಬಿಟ್ಟಳು.

"ಒಲೆ ಮೇಲೆ ಬಸ್ಸಾರು ಕುದೀತಾ ಇದೆ. ನನ್ನ ಬಾಯೇನು ಬಾಡಿಗೆಗೆ ಇಲ್ಲ. ಏನಾದ್ರೂ ಮಾಡ್ಕೊಳಿ."

ಹೋಗುತ್ತಾ ಬಾಗಿಲೂ ಎಳೆದುಕೊಂಡಳು. ನಾವಿಬ್ಬರೇ. ಏನು ಮಾಡಲಿ? ಸ್ವಿಚ್ ಹಾಕಿದೆ. ರೈಲು ಹೊರಟಿತು. ಅಣ್ಣ ನೋಡಿದ. ಎರಡು ಸುತ್ತು, ಮೂರು ಸುತ್ತು. ನೋಡುತ್ತಲೇ ಇದ್ದ. ಅವನ ಮುಂದೆ ನಿಲ್ಲಲಾಗದೆ ನೀರು ತರುತ್ತೇನೆಂದು ಎದ್ದುಹೋದೆ.

ಬಂದು ನೋಡಿದರೆ ಬಗ್ಗಿ ನಿಂತಿದ್ದಾನೆ, ಬಲಗೈ ಬಾವಿಯ ಮೇಲೆ. ಕಾವಲು ಕಾಯುವವನ ಹಾಗೆ. ನೀರು ಇಟ್ಟೆ. ಮುಟ್ಟಲಿಲ್ಲ. ರೈಲು ಬಂದು ಮೊಣಕೈಗೆ ಗುದ್ದಿ ನಿಂತಿತು. ಕದಲಲಿಲ್ಲ.

"ಭಾವ, ಊಟಕ್ಕೆ ಬನ್ನಿ" ಎಂದು ಅಡುಗೆಮನೆಯಿಂದ ಕೂಗು.

"ಹಸಿವಿಲ್ಲಮ್ಮ."

ಬಸ್ಸಾರು, ಮುದ್ದೆ. ಹನುಮಂತಯ್ಯನಿಗೆ ಹಸಿವಿಲ್ಲ! ಆಗ ಕಂಡಿತು — ಪಕ್ಕದಲ್ಲಿ ಥಟ್ಟನೆ ಅಂಟುವ ಗಮ್ಮಿನ ಟ್ಯೂಬು, ಮುಚ್ಚಳ ತೆಗೆದದ್ದು. ನಾನಿಲ್ಲದ ಹೊತ್ತಿನಲ್ಲಿ ಬಾವಿಯನ್ನು ಕಿತ್ತು ತನಗೆ ಬೇಕಾದಲ್ಲಿ ಅಂಟಿಸಲು ಹೋಗಿದ್ದಾನೆ. ಬಾವಿ ಹಲಗೆಗೆ ಅಂಟಿದೆ. ಅಣ್ಣ ಬಾವಿಗೆ ಅಂಟಿದ್ದಾನೆ.

ನಾನೂ ಎದುರಿಗೆ ಸ್ಟೂಲು ಎಳೆದು ಕೂತೆ. ಕೇಳಲಿ ಎಂದು. ಹಣೆಯಲ್ಲಿ ಬೆವರು ಇಳಿಯಿತು. ಟವೆಲ್ಲಿಗೆ ಎಡಗೈ ಎಟುಕಲಿಲ್ಲ. ತಲೆ ಎತ್ತಲಿಲ್ಲ.

"ಭೈರಾ."

ನಾಲ್ಕು ವರ್ಷ.

"ಬೆರಳು ಬರ್ತಿಲ್ಲ ಕಣೋ."

ಚಾಕು ಹಾಕಿ ಎಬ್ಬಿಸಿದೆ. ಬಾವಿ ಬಂತು, ಅವನ ಬೆರಳಿನ ಜೊತೆಗೇ. ಬೇಸಿನ್ನಿಗೆ ಬಿಸಿನೀರು ಹಾಕಿ ಕೈ ನೆನೆಸಿ ಹಿಡಿದು ಕೂತೆ. ಬೇರೆ ದಾರಿ ಇರಲಿಲ್ಲ.

"ಯಾಕೆ ಕೀಳೋಕೆ ಹೋದೆ ಅಣ್ಣ?"

"ತಪ್ಪು ಜಾಗದಲ್ಲಿತ್ತು. ಹಳಿಗೆ ಇನ್ನೂ ಹತ್ರ. ರೈಲು ಹೋದ್ರೆ ನೀರು ನಡುಗ್ತಿತ್ತು."

"ಅಕ್ಕನ ಕೈಲಿ ಕೇಳ್ಸಿದ್ನಲ್ಲ."

"ಅವಳಿಗೇನು ಗೊತ್ತು? ತೋಡಿದ್ದು ನಾನು." ನೀರಿನಲ್ಲಿದ್ದ ಕೈಯನ್ನೇ ನೋಡುತ್ತಿದ್ದ. "ಏಳನೇ ಕ್ಲಾಸ್ ಫೇಲಾಗಿ ಸ್ಕೂಲು ಬಿಟ್ಟೆ ಅನ್ಕೊಂಡಿದೀಯಾ ನೀನೂ?"

"ಮನೇಲಿ ಹಾಗೇ ಅಂತಿದ್ರು."

"ಪಾಸಾಗಿದ್ದೆ. ಬಾವಿಗೆ ಆಳು ಸಾಲ್ದೆ ಅಪ್ಪ ಬಿಡಿಸ್ದ. ಎರಡು ಬೇಸಿಗೆ ಮಣ್ಣು ಹೊತ್ತಿದೀನಿ. ನೀನಾಗ ಅಂಗಳದಲ್ಲಿ ಅಂಬೆಗಾಲು."

"ಪಾಲಿನ ದಿನ ಹೇಳಬಾರದಿತ್ತಾ?"

"ನೀನು ಕೇಳಬಾರದಿತ್ತಾ?"

ಸೋಪು ಹಚ್ಚಿ ಉಜ್ಜಿದೆ. ಇನ್ನೇನು ಮಾಡಲಿ.

"ಮೆಲ್ಲಗೋ! ಚರ್ಮ ಅದು, ಪ್ಲೈವುಡ್ ಅಲ್ಲ."

ಬಾವಿ ಬಿಟ್ಟಿತು. ಅಣ್ಣ ಮೂರು ಮುದ್ದೆ ಉಂಡ. ಏಳು ಗಂಟೆಗೆ ಕರ್ಫ್ಯೂ ಎಂದು ನೆನಪಿಸುವವರೆಗೂ ಜಗಳವಾಡಿದ. ನನ್ನ ಜೊತೆ. ನೇರವಾಗಿ.

ಮೇ 18

ಬೆಳಿಗ್ಗೆ ಆರಕ್ಕೆ ಫೋನ್. ಹುಣಸೆಮರಕ್ಕೆ ಹಳಿಯ ಕಡೆಯ ಕೊಂಬೆ ಇರಲಿಲ್ಲ, ಸಿಡಿಲು ಬಡಿದಿತ್ತು, ಕತ್ತರಿಸು. ಏಳಕ್ಕೆ ಫೋನ್. ಕತ್ತರಿಸಿದೆಯಾ? ಅಂಗಡಿಯಲ್ಲಿ ಗಿರಾಕಿ ನಿಂತಿದ್ದಾಗ ಫೋನ್. ಇಂಜಿನ್ನಿಗೆ ಕಪ್ಪು ಹೊಡಿ. ಊಟಕ್ಕೆ ಕೂತಾಗ ಫೋನ್. ಹೊಡೆದೆಯಾ?

"ಮಾತಿಲ್ಲದಿದ್ದಾಗಲೇ ಸುಖವಾಗಿದ್ರಿ" ಎಂದಳು ಕುಸುಮಾ.

ಮೇ 20

ಎರಡು ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಇವತ್ತು ಹೇಳಿಯೇಬಿಟ್ಟೆ.

"ಅಣ್ಣ, ಇದೆಲ್ಲ ಮುಗೀಲಿ. ಸರ್ವೆಯವರನ್ನ ಕರೆಸೋಣ. ಕಲ್ಲು ಜರುಗಿಸಿ ಬಾವಿ ಜಾಗ ನಿನ್ನ ಕಡೆಗೆ ಹಾಕಿಸ್ಕೋ."

"ಟೆಂಪೋ ನಿಲ್ಲಿಸೋ ಜಾಗ ನನಗ್ಯಾಕೋ? ಅಲ್ಲಿ ಬಾವಿ ಎಲ್ಲಿದೆ?"

"ಮತ್ತೆ ನಾಲ್ಕು ವರ್ಷ ಯಾಕೆ —"

"ನಿನ್ನ ಹಲಗೆ ಮೇಲಿರೋದನ್ನ ಮೊದಲು ಸರಿಯಾಗಿ ಇಡು" ಎಂದು ಫೋನ್ ಇಟ್ಟ.

ಫೋನು ಗೋಡೆಗೆ ಎಸೆಯಬೇಕೆನಿಸಿತು. ನಾಲ್ಕು ವರ್ಷ!

ಮೇ 23, ಶನಿವಾರ, ಬೆಳಿಗ್ಗೆ

ನಾಳೆ ಪೂರ್ತಿ ಕರ್ಫ್ಯೂ, ಇವತ್ತೇ ಬರುತ್ತೇನೆ ಎಂದು ನಿನ್ನೆ ಹೇಳಿದ್ದಾನೆ. ಬರೀ ಕೈಯಲ್ಲಲ್ಲ. ಹೊಲಕ್ಕೆ ಹೋಗಿ ಒಂದು ಮಂಕರಿ ಮಣ್ಣು ತುಂಬಿಸಿಟ್ಟಿದ್ದಾನಂತೆ. ನನ್ನ ಮಣ್ಣಿನ ಬಣ್ಣ ಸರಿಯಿಲ್ಲವಂತೆ. ಪೂರ್ತಿ ಕೆರೆದು ಹೊಸದು ಹಾಕಬೇಕಂತೆ. ಎರಡು ತಿಂಗಳ ಕೆಲಸ! ಕುಸುಮಾ ಮಣ್ಣು ಹೊಸ್ತಿಲು ದಾಟಿದರೆ ತಾನು ಮನೆ ಬಿಡುತ್ತೇನೆ ಎಂದು ಪೊರಕೆ ಹಿಡಿದು ನಿಂತಿದ್ದಾಳೆ. ಮಾನಸ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು. ಈ ಸಲ ಬರಲಿ, ಖಂಡಿತವಾಗಿ ಹೇಳಿಬಿಡುತ್ತೇನೆ, ಇದು ನನ್ನ ಹಲಗೆ, ನನ್ನ ರೈಲು, ಒಂದು ಹಿಡಿ ಮಣ್ಣೂ ನಾನು —

ಸ್ಕೂಟರ್ ಬಂತು. ಗೇಟು ಬಡಿಯುತ್ತಿದ್ದಾನೆ. ಬೀದಿಗೆಲ್ಲ ಕೇಳುವ ಹಾಗೆ ಕೂಗು. "ಭೈರಾ! ಲೇ ಭೈರಾ! ಒಂದು ಕೈ ಹಾಕು ಬಾರೋ, ಭಾರ ಇದೆ!"

ಕುಸುಮಾ ನನ್ನನ್ನೇ ನೋಡುತ್ತಿದ್ದಾಳೆ. ಹೋಗಬಾರದು. ಎದ್ದರೆ ಇವತ್ತಿನ ದಿನವೂ ಅವನದೇ. ಪೆನ್ನು ಇಡುತ್ತೇನೆ, ಮಂಕರಿ ಒಬ್ಬನೇ ಇಳಿಸಲಾರ.