ಮರಿಸಿದ್ದಯ್ಯನ ಫೋರ್ಕ್‌ಲಿಫ್ಟ್

ಮದ್ದೂರು, ೧೪ ನವೆಂಬರ್, ಶುಕ್ರವಾರ

ಪಟ್ಟಲಮ್ಮನ ಮಾತು ಕಿವಿಯಿಂದ ಹೋಗುತ್ತಿಲ್ಲ.

ಹೋದ ವಾರ ನಮ್ಮ ಪಶು ಆಹಾರದ ಗೋದಾಮಿನಲ್ಲಿ ಮೂಟೆ ಎತ್ತಿ ಸಾಗಿಸುವ ಹಳೆಯ ಬ್ಯಾಟರಿ ಫೋರ್ಕ್‌ಲಿಫ್ಟ್ ಅವಳ ಕಾಲ ಮೇಲೆ ಹರಿಯಿತು. ಓಡಿಸುತ್ತಿದ್ದವನು ಅವಳ ಗಂಡ ಮರಿಸಿದ್ದಯ್ಯ. ಅವತ್ತು ಬೆಳಿಗ್ಗೆಯಷ್ಟೇ ಇಬ್ಬರೂ ಎಲ್ಲರೆದುರು ಜಗಳವಾಡಿದ್ದರು. ಬೇಕೆಂದೇ ಹರಿಸಿದ ಎಂದು ಜನ ಆಡಿಕೊಂಡರು. ಪಟ್ಟಲಮ್ಮನೂ ಹಾಗೇ ನಂಬಿದಳು. "ಪೆಡಲ್‌ನಿಂದ ಕಾಲು ತೆಗ್ದೆ ಕಣಮ್ಮ, ಗಾಡಿ ನಿಂತ್ಕಳ್ನಿಲ್ಲ" ಅನ್ನುವುದೊಂದೇ ಅವನ ಮಾತು.

ಗೋದಾಮಿನ ಎಲೆಕ್ಟ್ರಿಷಿಯನ್ ನಾನೇ. ಇವತ್ತು ಚಕ್ರಗಳನ್ನು ನೆಲದಿಂದ ಎತ್ತಿ ಮರದ ದಿಮ್ಮಿ ಕೊಟ್ಟು, ಪೆಡಲ್ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದೆ. ಬಿಸಿಯಾದ ಮೇಲೆ ಕಾಲು ತೆಗೆದರೂ ಚಕ್ರ ತಿರುಗುತ್ತಲೇ ಇತ್ತು. ಬ್ಯಾಟರಿ ಪ್ಲಗ್ ಕಿತ್ತು ಬಿಚ್ಚಿದರೆ, ಮೋಟರಿಗೆ ಕರೆಂಟು ಕೊಡುವ ಕಾಂಟ್ಯಾಕ್ಟರ್ ಸ್ವಿಚ್ಚಿನ ಪಾಯಿಂಟುಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನು ಹೇಳಿದ್ದು ನಿಜ.

ಸಂಜೆ ಅವನನ್ನೂ ಕರೆದುಕೊಂಡು ಮಂಡ್ಯದ ಆಸ್ಪತ್ರೆಗೆ ಹೋದೆ. ಅವನು ವಾರ್ಡಿನ ಹೊರಗೇ ಕುಳಿತ. ನಾನು ಪಟ್ಟಲಮ್ಮನಿಗೆ ಎಲ್ಲ ವಿವರಿಸಿದೆ. ಅವಳು ಮೊಣಕಾಲಿನ ಕೆಳಗೆ ಚಪ್ಪಟೆಯಾಗಿದ್ದ ಹೊದಿಕೆಯನ್ನೇ ನೋಡಿದಳು.

"ಗಾಡಿ ನಿಂತ್ಕಳ್ನಿಲ್ಲ, ಸರಿ ಕಣವ್ವ. ನಾನು ಬೆನ್ನಾಕಿ ಚೀಲ ಒಲೀತಾ ಕುಂತಿದ್ದೆ. ಅವನ ಬಾಯ್ಗೇನಾಗಿತ್ತು? ಒಂದು ಕೂಗಾಕಿದ್ರೆ ಎದ್ದೋಯ್ತಿದ್ನಲ್ಲ?"

ಗಾಬರಿಗೆ ಬಾಯಿ ಕಟ್ಟಿತ್ತೇನೋ ಅನ್ನಬಹುದಿತ್ತು.

ಹೊರಗೆ ಬಂದಾಗ ಮರಿಸಿದ್ದಯ್ಯ ಎದ್ದು ನಿಂತ. "ಏನಂದ್ಲು ಸುನಿತಮ್ಮ? ನಂಬುದ್ಲಾ?"

ನಂಬಿದಳು ಎಂದೆ. ಅವನು ಅಳತೊಡಗಿದ. ಈಗ ಒಳಗೆ ಹೋಗಬೇಡಿ, ನಿದ್ದೆ ಮಾಡುತ್ತಿದ್ದಾಳೆ ಎಂದೂ ಹೇಳಿದೆ.