ಹ್ಯಾಂಡಲ್ ಇಳಿಸಿದವನಿಗೆ

ಹಳಿಯಾಳ
೯ ಮಾರ್ಚ್ ೨೦೨೫

ತಮ್ಮ ಬಾಲುಗೆ,

ಈ ಸಂಕ್ರಾಂತಿಯ ದಿನ ನನಗೆ ಹೇಳದೆ ನನ್ನ ಬೈಕಿನ ಹ್ಯಾಂಡಲ್ ಇಳಿಸಿದವನು ನೀನು. ಮರುದಿನ ಬೆಳಿಗ್ಗೆ ಮೌಳಂಗಿಯ ತಿರುವಿನಲ್ಲಿ ಹಾಲಿನ ಕ್ಯಾನುಗಳ ಸಮೇತ ಬಿದ್ದವಳು ನಾನು. ಕ್ಷೇಮ ಸಮಾಚಾರ ಆಮೇಲೆ. ಬಲಗೈ ಪ್ಲಾಸ್ಟರಿನಲ್ಲಿತ್ತು, ಬರೆಯಲು ತಡವಾಯಿತು. ಫೋನಂತೂ ನೀನು ಎತ್ತುವುದಿಲ್ಲ.

ಮೊನ್ನೆ ಪ್ಲಾಸ್ಟರ್ ತೆಗೆಸಿಕೊಂಡು ಬಂದು ಗಾಡಿಯ ಮೇಲೆ ಕುಳಿತೆ. ಹ್ಯಾಂಡಲ್ ಹಿಡಿಯಲು ಮುಂದಕ್ಕೆ ಬಾಗಬೇಕಾಯಿತು. ಬ್ರೇಕಿನ ಪೆಡಲ್ ಪಾದಕ್ಕಿಂತ ಮೇಲಿತ್ತು. ಬಿದ್ದರೆ ಹ್ಯಾಂಡಲ್ ಸೊಟ್ಟಗಾದೀತು, ಅದನ್ನು ಎತ್ತರಿಸಲು ಕೆಳಗೆ ಕೂರಿಸಿದ್ದ ಕಬ್ಬಿಣದ ತುಂಡುಗಳು ಎಲ್ಲಿಗೆ ಹೋದವು? ಗ್ಯಾರೇಜಿನ ನಾಗಲಿಂಗಪ್ಪನನ್ನು ಕೇಳಿದೆ.

"ನಿಮ್ಮ ತಮ್ಮಾರ ತಗಸ್ಯಾರ್ರೀ. ಚಿಗಳ್ಳಿಗೆ ಹೆಣ್ಣು ನೋಡಾಕ ಹೊಂಟಿದ್ರು. ಹೆಂಗಸರ ಗಾಡಿ ಮ್ಯಾಲೆ ಹ್ವಾದ್ರ ಬೀಗರು ನಗ್ತಾರಂತ. ಬಂದ ಮ್ಯಾಲೆ ಮತ್ತ ಹಾಕಸ್ತೇನಿ ಅಂದಿದ್ರು" ಎಂದ.

ಆ ಹಬ್ಬದ ಸಂಜೆ ನೀನು ಗಾಡಿ ತಂದು ನಿಲ್ಲಿಸಿದೆ. ಸಂಕ್ರಾಂತಿಯ ಕುಸರೆಳ್ಳು ಕೊಟ್ಟು ನನ್ನ ಕಾಲು ಮುಟ್ಟಿದೆ. ಹೆಣ್ಣಿನ ಮನೆಯ ಅವಲಕ್ಕಿಯ ರುಚಿಯನ್ನೂ ಹೇಳಿದೆ. ಇದೊಂದನ್ನು ಹೇಳಲಿಲ್ಲ. ಮರುದಿನ ಬೆಳಿಗ್ಗೆ ಹ್ಯಾಂಡಲ್ ದೂರವೆನಿಸಿದಾಗ ಸ್ವೆಟರ್ ಬಿಗಿಯಾಗಿದೆ ಅಂದುಕೊಂಡೆ ನಾನು. ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ಬ್ರೇಕ್ ಇರಬೇಕಾದಲ್ಲಿ ಕಾಲಿಟ್ಟೆ, ಅಲ್ಲಿ ಬ್ರೇಕ್ ಇರಲಿಲ್ಲ.

ಆ ತುಂಡುಗಳನ್ನು ಹಾಕಿಸಿದವನೂ ನೀನೇ, ಬಾಲು. ನಿನಗೆ ಮರೆವು ಹೆಚ್ಚು, ನನಗೆ ನೆನಪು. ಮೊದಮೊದಲು ನನಗೆ ಅಂಗೈ ಜೋಮು ಹಿಡಿಯುತ್ತಿತ್ತು, ಸೊಂಟ ಬಿದ್ದುಹೋಗುತ್ತಿತ್ತು. ಕ್ಯಾನು ಕಟ್ಟಿದರೆ ಗಾಡಿ ನನ್ನನ್ನು ಎಳೆದುಕೊಂಡು ಹೋಗುತ್ತಿತ್ತು. ನೀನು ನನ್ನನ್ನು ಗಾಡಿಯ ಮೇಲೆ ಕೂರಿಸಿ, ಹ್ಯಾಂಡಲ್ ಮೇಲೆತ್ತಿಸಿ ನನ್ನ ಕಡೆ ತಿರುಗಿಸಿದೆ, ಪೆಡಲ್ ಇಳಿಸಿದೆ. "ಮೊಣಕೈ ಸಡಲ ಬಿಡಕ್ಕಾ, ಗಾಡಿ ತಾನ ಮಾತು ಕೇಳ್ತೈತಿ" ಅಂದೆ. ಕೇಳಿತು. ಆಮೇಲೆ ಒಂದು ದಿನವೂ ಹಾಲು ಚೆಲ್ಲಲಿಲ್ಲ.

ನಾನು ಆಸ್ಪತ್ರೆಯಲ್ಲಿದ್ದಾಗ ನೀನು ಹಾಲಿನ ಸಂಘದ ಕಟ್ಟೆಯ ಮೇಲೆ ಕುಳಿತು ಏನೆಂದೆ ಅನ್ನುವುದನ್ನು ಅಧ್ಯಕ್ಷ ಮಲಕಪ್ಪನೇ ಮನೆಗೆ ಬಂದು ಒಪ್ಪಿಸಿದ.

"ಅಕ್ಕಾರ, ಹೆಣ್ಮಕ್ಕಳ ಕೈಗೆ ಈ ಗಾಡಿ ನಿಲ್ಲೂದಿಲ್ಲಂತ ನಿಮ್ಮ ತಮ್ಮನ ಹೇಳ್ಯಾನ. ಹಾಲು ಒಯ್ಯೂ ಕೆಲಸ ಬ್ಯಾರೇದವ್ರಿಗೆ ಕೊಡೂಣು."

"ನಿಮ್ಮ ಟ್ರ್ಯಾಕ್ಟರ್ ಗಟಾರದಾಗ ಬಿತ್ತಲ್ರೀ, ಗಂಡಸರ ಕೈಗೆ ನಿಲ್ಲೂದಿಲ್ಲಂತ ಆವಾಗ ಯಾರರ ಅಂದ್ರೇನು?"

ಹೆಗಲ ಟವೆಲ್ ಸರಿಮಾಡಿಕೊಂಡು ಎದ್ದುಹೋದ. ಕೆಲಸವೂ ಅವನ ಹಿಂದೆಯೇ ಹೋಯಿತು. ಈಗ ಆ ಕ್ಯಾನುಗಳನ್ನು ಅವನ ಅಳಿಯ ಒಯ್ಯುತ್ತಾನೆ.

ಚಿಗಳ್ಳಿಯ ಸ್ವಪ್ನಾ ನಿನ್ನನ್ನು ಒಪ್ಪಿದ್ದಾಳಂತೆ. ಆ ಹುಡುಗಿ ಸುಖವಾಗಿರಲಿ. ಅವಳಿಗೆ ಗಾಡಿ ಕಲಿಯುವ ಮನಸ್ಸಾದರೆ ನನ್ನ ಹತ್ತಿರ ಕಳಿಸು. ನಿನಗೆ ಕೊಡುವ ಆಶೀರ್ವಾದ ಸದ್ಯ ನನ್ನ ಬಳಿ ಇಲ್ಲ.

ನಿನ್ನ ಅಕ್ಕ,
ಸಕ್ಕುಬಾಯಿ

ತಾ.ಕ.: ಮಲಕಪ್ಪನ ಎದುರು ಬಾಯಿ ಜೋರು ಮಾಡಿದೆ, ಒಳಗೆ ಅವನ ಮಾತನ್ನೇ ನಂಬಿದ್ದೆ. ಯಾಕೆಂದರೆ ಆಸ್ಪತ್ರೆಯಲ್ಲಿ ನೀನು ನನ್ನ ತಲೆ ಸವರುತ್ತ, "ಸಾಕ್ ಬಿಡಕ್ಕಾ ಇನ್ನ ಗಾಡಿ, ನಿನ್ನ ಕೈಯಾಗ ಮೊದಲಿನ ಬಲ ಇಲ್ಲ" ಅಂದಿದ್ದೆ. ನಾನು ಹೂಂ ಅಂದೆ. ಅಂದಿನಿಂದ ಮೊನ್ನೆಯವರೆಗೂ ನನ್ನ ಕೈಗಳನ್ನೇ ಬೈದುಕೊಂಡು ಕೂತಿದ್ದೆ. ಎಲ್ಲ ಗೊತ್ತಿದ್ದೂ ನೀನು ತಲೆ ಸವರಿದೆ. ಬರುವ ಭಾನುವಾರ ಸಂಘದ ಸಭೆ ಇದೆ. ಮನೆಗೆ ಬಂದು ನನ್ನ ಕಿವಿಯಲ್ಲಿ ಹೇಳಬೇಡ. ಅಲ್ಲಿ ಎಲ್ಲರ ಎದುರು ಎದ್ದು ನಿಂತು ಹೇಳು: ಹ್ಯಾಂಡಲ್ ಇಳಿಸಿದವರು ಯಾರು, ಯಾಕೆ?